ವಸತಿ ಶಾಲೆಗೆ ಎರಡು ಸ್ಟಾರ್, ಊರಿನ ಹೈಸ್ಕೂಲಿಗೆ ನಾಲ್ಕು: ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಮಗನ ಶಾಲೆ ಬದಲಾಯಿಸಿದ್ವಿ

ಮೊದ್ಲೇ ಹೇಳ್ಬಿಡ್ತೀನಿ, ಎರಡೂ ಶಾಲೆ ಹೆಸರು ಹಾಕಲ್ಲ. ಹಾಕಿದ್ರೆ ಅವ್ರು ಫೋನ್ ಮಾಡ್ತಾರೆ, ನಮ್ಮನೆಯವ್ರು ನಂಗೆ ಬೈತಾರೆ, ಆ ತಲೆನೋವು ಯಾರಿಗೆ ಬೇಕು. ನಮ್ಮೂರು ತಿಪಟೂರು. ಮಗನ್ನ ಸೇರಿಸಿದ್ದು ಇಲ್ಲಿಂದ ಮೂರೂವರೆ ಗಂಟೆ ದಾರಿಯ ಒಂದು ವಸತಿ ಶಾಲೆಗೆ, ಸ್ಟೇಟ್ ಸಿಲಬಸ್, ಇಂಗ್ಲಿಷ್ ಮೀಡಿಯಂ, ಎಂಟನೇ ಕ್ಲಾಸಿಂದ್ಲೇ ನೀಟ್, ಜೆಇಇ ಫೌಂಡೇಶನ್ ಅಂತ ಗೇಟಿನ ಮೇಲೆ ದೊಡ್ಡ ಫ್ಲೆಕ್ಸ್ ಹಾಕಿರ್ತಾರಲ್ಲ ಆ ಥರದ್ದು. ಜೂನ್ 2022ರಲ್ಲಿ ಸೇರಿಸಿದ್ವಿ, ಜುಲೈ 2024ರಲ್ಲಿ ಬಿಡಿಸಿದ್ವಿ. ಹಾಸ್ಟೆಲ್ ಸೇರಿ ವರ್ಷಕ್ಕೆ 1,75,000, ಕಾಷನ್ ಡೆಪಾಸಿಟ್ 10,000 ಬೇರೆ. ಈ ಡೆಪಾಸಿಟ್ ವಿಷ್ಯ ಕೊನೇಲಿ ಹೇಳ್ತೀನಿ.

ಎರಡು ಸ್ಟಾರ್ ಯಾಕೆ, ಒಂದು ಯಾಕಲ್ಲ ಅಂತ ಕೇಳ್ಬಹುದು. ಊಟ ಚೆನ್ನಾಗಿತ್ತು ಕಣ್ರೀ, ಸುಳ್ಳು ಹೇಳೋಕಾಗಲ್ಲ. ಭಾನುವಾರ ಹೋದಾಗ ನಾವೂ ಮೆಸ್ಸಲ್ಲೇ ತಿಂದಿದೀವಿ, ಸಾರಿಗೆ ಬೇಳೆ ಸರಿಯಾಗಿ ಹಾಕ್ತಿದ್ರು, ಮಜ್ಜಿಗೆ ನೀರಾಗಿರ್ತಿರ್ಲಿಲ್ಲ. ಬಾತ್‌ರೂಮ್ ಕ್ಲೀನು, ಬೆಳಗ್ಗೆ ಐದಕ್ಕೆ ಬಿಸಿನೀರು ಬರ್ತಿತ್ತು. ಮ್ಯಾತ್ಸ್ ಸರ್ ಒಬ್ರು ಇದ್ರು, ದೇವರಂಥ ಮನುಷ್ಯ, ಮಗ ಈಗ್ಲೂ ಅವ್ರು ಹೇಳಿಕೊಟ್ಟ ರೀತೀಲೇ ಲೆಕ್ಕ ಮಾಡೋದು. ಆ ಎರಡು ಸ್ಟಾರಲ್ಲಿ ಒಂದು ಅಡಿಗೆಯವ್ರಿಗೆ, ಒಂದು ಈ ಸರ್‌ಗೆ.

ಉಳಿದ ಮೂರು ಎಲ್ಲಿ ಹೋಯ್ತು ಅಂದ್ರೆ, ಮುಖ್ಯವಾಗಿ ಬ್ಯಾಚ್ ವ್ಯವಸ್ಥೆ. ಪ್ರತಿ ಶನಿವಾರ ಟೆಸ್ಟು, ಸೋಮವಾರ ಬೆಳಗ್ಗೆ ನೋಟಿಸ್ ಬೋರ್ಡಲ್ಲಿ ರ‍್ಯಾಂಕ್ ಲಿಸ್ಟು. ಅದನ್ನ ನೋಡ್ಕೊಂಡು ಮೂರು ತಿಂಗಳಿಗೊಂದ್ಸಲ ಬ್ಯಾಚ್ ಬದಲಾಯಿಸ್ತಾರೆ. ಇದು ನಮಗೆ ಅಡ್ಮಿಷನ್ ಟೈಮಲ್ಲೇ ಹೇಳಿದ್ರು, ನಾವೂ ಆಹಾ ಎಂಥ ಶಿಸ್ತು ಅಂತ ತಲೆ ಆಡಿಸಿದ್ವಿ. ಹೇಳ್ದೇ ಇದ್ದಿದ್ದು ಏನಪ್ಪಾ ಅಂದ್ರೆ ಹಾಸ್ಟೆಲ್ ರೂಮೂ ಬ್ಯಾಚ್ ಪ್ರಕಾರಾನೇ. ಅಂದ್ರೆ ಮಾರ್ಕ್ಸ್ ಕಮ್ಮಿಯಾದ್ರೆ ಕ್ಲಾಸ್ ಅಷ್ಟೇ ಅಲ್ಲ, ಮಂಚಾನೂ ಖಾಲಿ ಮಾಡಿ ಟ್ರಂಕ್ ಎತ್ಕೊಂಡು ಬೇರೆ ರೂಮಿಗೆ ಹೋಗ್ಬೇಕು. ನನ್ ಮಗ ಒಂಬತ್ತನೇ ಕ್ಲಾಸಿನ ಆಗಸ್ಟಲ್ಲಿ ಮೇಲಿನ ಬ್ಯಾಚಿಂದ ಕೆಳಗೆ ಬಂದ. ವರ್ಷವಿಡೀ ಜೊತೇಲಿದ್ದ ಮೂರು ಹುಡುಗ್ರೂ ಮೇಲಿನ ಮಹಡೀಲೇ ಉಳ್ಕೊಂಡ್ರು, ಇವ್ನು ಕೆಳಗೆ. ಹೊಸ ರೂಮಿನವ್ರು ಇವನನ್ನ 'ಮೇಲಿಂದ ಬಿದ್ದೋನು' ಅಂತ ಕರೀತಿದ್ರಂತೆ. ಇದೆಲ್ಲ ನಮಗೆ ಗೊತ್ತಾಗಿದ್ದು ಹನ್ನೊಂದು ತಿಂಗಳಾದ್ಮೇಲೆ. ಹನ್ನೊಂದು ತಿಂಗಳು!

ಗೊತ್ತಾಗ್ಬೇಕಿತ್ತು. 2023ರ ದಸರಾ ರಜೆಗೆ ಬಂದಾಗ ಅವ್ನು ಟ್ರಂಕ್ ಬಿಚ್ಚಲೇ ಇಲ್ಲ. ಬಟ್ಟೆ ಬೇಕಾದ್ರೆ ಬೀಗ ತೆಗೆದು ಒಂದು ಜೊತೆ ತಗೊಂಡು ಮತ್ತೆ ಬೀಗ ಹಾಕ್ತಿದ್ದ, ನಮ್ಮನೇಲೇ. ಬೀರುವಲ್ಲಿಡೋ ಅಂದ್ರೆ 'ಮತ್ತೆ ಹೋಗ್ಬೇಕಲ್ಲಮ್ಮ' ಅಂದ. ಇನ್ನೊಂದು, ಊಟ. ನಾನು ಎಲ್ಲರಿಗೂ ಬಡಿಸಿ ಕೂರೋ ಹೊತ್ತಿಗೆ ಅವನ ತಟ್ಟೆ ಖಾಲಿ, ಎದ್ದು ತೊಳೆದೂ ಆಗಿರ್ತಿತ್ತು. ನಮ್ಮ ಅತ್ತೆ 'ಹಾಸ್ಟೆಲ್ಲಲ್ಲಿ ಚುರುಕು ಕಲಿಸಿದಾರೆ' ಅಂತ ಖುಷಿಪಟ್ರು. ನಾನೂ ಹೂಂ ಅಂದೆ.

ಹೊರಡೋ ಹಿಂದಿನ ರಾತ್ರಿ ಕೇಳ್ದ, 'ಅಮ್ಮ, ಇಲ್ಲೇ ಯಾವ್ದಾದ್ರೂ ಸ್ಕೂಲಿಗೆ ಹೋಗ್ಲಾ?' ಎಲ್ಲ ತಂದೆತಾಯಿ ಹೇಳೋದನ್ನೇ ನಾವೂ ಹೇಳಿದ್ವಿ, ಈ ವರ್ಷ ಒಂದು ಮುಗೀಲಿ ಕಂದ.

ಅದೇ ವರ್ಷ ನೋಡಿ, ಒಂಬತ್ತಕ್ಕೂ ಬೋರ್ಡ್ ಎಗ್ಸಾಮ್ ಅಂದ್ರು ಸರ್ಕಾರದವ್ರು. ನೆನಪಿದ್ಯಾ, ಮಾರ್ಚ್ 2024ರಲ್ಲಿ ಹೈಕೋರ್ಟು ರದ್ದು ಅಂತು, ಮರುದಿನ ಇಲ್ಲ ನಡೀಲಿ ಅಂತು, ಪರೀಕ್ಷೆ ಶುರುವಾಗಿ ಎರಡನೇ ದಿನಕ್ಕೇ ಸುಪ್ರೀಂ ಕೋರ್ಟ್ ತಡೆ, ಮತ್ತೆ ಹೈಕೋರ್ಟು, ತಿಂಗಳ ಕೊನೇಲಿ ಉಳಿದ ಪೇಪರ್ ಬರೆಸಿದ್ರು, ಏಪ್ರಿಲಲ್ಲಿ ಫಲಿತಾಂಶಕ್ಕೇ ತಡೆ ಬಂತು. ನಾವು ಶಾಲೆ ಬದಲಾಯಿಸೋ ಮಾತನ್ನ ಅಕ್ಟೋಬರಿಂದ ಏಪ್ರಿಲ್‌ಗೆ ತಳ್ಳಿದ್ದೇ ಈ 'ಮುಖ್ಯವಾದ' ಪರೀಕ್ಷೆ ಕೆಟ್ಟೋಗ್ಬಾರ್ದು ಅಂತ. ಏಪ್ರಿಲಲ್ಲಿ ಏನಾಯ್ತು? ಇನ್ನೇನು ಹತ್ತನೇ ಕ್ಲಾಸು, ಒಂದೇ ವರ್ಷ, ಈಗ ಯಾಕೆ ಕೆಡಿಸ್ತೀರಿ ಅಂತ ನಮ್ಮ ಭಾವ, ನಮ್ಮಣ್ಣ, ಕೊಬ್ಬರಿ ಮಂಡೀಲಿ ನಮ್ಮನೆಯವ್ರ ಪಕ್ಕದ ಅಂಗಡಿಯವ್ರು, ಎಲ್ಲರದ್ದೂ ಒಂದೇ ರಾಗ. ಎಂಟರಲ್ಲಿ ಕೇಳಿದ್ರೆ 'ಈಗಷ್ಟೇ ಸೇರಿದಾನೆ, ಹೊಂದ್ಕೊಳ್ತಾನೆ', ಒಂಬತ್ತರಲ್ಲಿ ಕೇಳಿದ್ರೆ 'ಮುಂದೆ ಹತ್ತು', ಹತ್ತರಲ್ಲಿ ಕೇಳಿದ್ರೆ 'ಹತ್ತು ಕಣ್ರೀ'. ಶಾಲೆ ಬಿಡಿಸೋಕೆ ಒಳ್ಳೆ ಟೈಮ್ ಅನ್ನೋದು ನಮ್ಮ ಪಂಚಾಂಗದಲ್ಲಿ ಇಲ್ವೇ ಇಲ್ಲ. ಫೌಂಡೇಶನ್ ಕ್ಲಾಸ್ ಅಂತ ಬೇಸಿಗೆ ರಜೇನೂ ಹದಿನೈದೇ ದಿನ ಕೊಟ್ರು, ಜೂನಲ್ಲಿ ವಾಪಸ್ ಬಿಟ್ಟು ಬಂದ್ವಿ.

ಜುಲೈ ಎರಡನೇ ಶನಿವಾರ ನೋಡೋಕೆ ಹೋದ್ವಿ. ವಾರ್ಡನ್ 'ಚೆನ್ನಾಗೇ ಇದಾನೆ ಮೇಡಂ, ಏನೂ ಗಲಾಟೆ ಇಲ್ಲ' ಅಂದ್ರು. ಗಲಾಟೆ ಇಲ್ಲ ಅಂದ್ರೆ ಚೆನ್ನಾಗಿದಾನೆ ಅಂತ ಅವ್ರ ಲೆಕ್ಕ. ನಂಗೆ ಹೊಟ್ಟೇಲಿ ಸಂಕಟ ಆಗಿದ್ದು ಅವ್ನು ಅಳ್ತಿದ್ದ ಅಂತಲ್ಲ, ಈ ಸಲ ಮನೆಗೆ ಬರ್ಲಾ ಅಂತ ಕೇಳ್ಲೇ ಇಲ್ಲ. ಮುಂದಿನ ಸಲ ಯಾವಾಗ ಬರ್ತೀರ ಅಂತಾನೂ ಕೇಳ್ಲಿಲ್ಲ. ಚಕ್ಕುಲಿ ಡಬ್ಬಿ ತಗೊಂಡ, ಹೂಂ ಅಂದ, ಹೋದ. ಕೈ ನೋಡಿದ್ರೆ ಉಗುರು ಕಚ್ಚಿ ಕಚ್ಚಿ ರಕ್ತ ಹೆಪ್ಪುಗಟ್ಟಿತ್ತು.

ಅವತ್ತು ರಾತ್ರಿ ನಿದ್ದೆ ಬರ್ದೇ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ, ಕೇಂದ್ರ ಸರ್ಕಾರದ್ದು, 2022ರಲ್ಲಿ ಶುರುವಾಗಿದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸೇ ಅದಕ್ಕೆ ಮುಖ್ಯ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಈ ಸರ್ವೀಸಿಗೆ ನನ್ ಕಡೆಯಿಂದ ಐದಕ್ಕೆ ಐದು. ಆ ಕಡೆ ಇದ್ದ ಹೆಣ್ಮಗಳು ಶಾಲೆ ಬಿಡಿಸಿ ಅಂತಾನೂ ಹೇಳ್ಲಿಲ್ಲ, ಬೇಡ ಅಂತಾನೂ ಹೇಳ್ಲಿಲ್ಲ. ನಿದ್ದೆ ಹೇಗಿದೆ, ಊಟ ಹೇಗಿದೆ, ಸಾಯೋ ಮಾತು ಏನಾದ್ರೂ ಆಡಿದಾನಾ ಅಂತ ನೇರವಾಗಿ ಕೇಳಿದ್ರು, ಆ ಥರ ಮಾತು ಬಂದ್ರೆ ಯಾವ ಪರೀಕ್ಷೇನೂ ಲೆಕ್ಕಕ್ಕಿಟ್ಕೋಬೇಡಿ, ಅವತ್ತೇ ಕರ್ಕೊಂಡ್ ಬನ್ನಿ, ಡಾಕ್ಟ್ರಿಗೆ ತೋರಿಸಿ ಅಂದ್ರು. ಆಮೇಲೆ ಇನ್ನೊಂದು ಹೇಳಿದ್ರು, ಯಾಕೆ ಬೇಜಾರು ಅಂತ ಕೇಳ್ಬೇಡಿ, ಮಕ್ಕಳಿಗೆ ಅದಕ್ಕೆ ಉತ್ತರ ಗೊತ್ತಿರಲ್ಲ, ಸಣ್ಣ ಸಣ್ಣದು ಕೇಳಿ.

ಮುಂದಿನ ಶನಿವಾರ ಮತ್ತೆ ಹೋದ್ವಿ. ಭಾನುವಾರದ ಹತ್ತು ನಿಮಿಷದ ಫೋನಲ್ಲಿ ಕೇಳೋ ಹಾಗಿರ್ಲಿಲ್ಲ, ಅದು ವಾರ್ಡನ್ ಫೋನು, ಪಕ್ಕದಲ್ಲೇ ಇಪ್ಪತ್ತು ಹುಡುಗ್ರು ಕ್ಯೂ. ಔಟಿಂಗ್ ಪರ್ಮಿಷನ್ ತಗೊಂಡು ಹೋಟ್ಲಿಗೆ ಕರ್ಕೊಂಡ್ ಹೋಗಿ ಮಸಾಲೆ ದೋಸೆ ಹೇಳಿ, ನಾನು ಕೇಳಿದ್ದು ಒಂದೇ, ರಾತ್ರಿ ಊಟಕ್ಕೆ ಯಾರ ಪಕ್ಕ ಕೂರ್ತೀಯೋ? ಅವ್ನು ಚಟ್ನಿ ಬಟ್ಟಲನ್ನೇ ನೋಡ್ತಾ 'ಯಾರ ಪಕ್ಕಾನೂ ಇಲ್ಲ, ಬೇಗ ತಿಂದು ಎದ್ದೋಗ್ತೀನಿ, ಕೂತಿದ್ರೆ ಏನಾದ್ರೂ ಅಂತಾರೆ' ಅಂದ. ಅಲ್ಲಿಂದ ಒಂದೊಂದೇ ಬಂತು, ರೂಮು, ಬ್ಯಾಚು, ಮೇಲಿಂದ ಬಿದ್ದೋನು, ಎಲ್ಲ. ನಮ್ಮನೆಯವ್ರು ದೋಸೆ ಮುಟ್ಲಿಲ್ಲ. ಇವ್ರೇ ಅಲ್ವಾ ಹಾಸ್ಟೆಲ್ ಜೀವನ ಕಲಿಸತ್ತೆ ಅಂತ ಮೂರು ವರ್ಷ ಹೇಳಿದ್ದು.

ಈಗ ಶಾಲೆ ಬದಲಾಯಿಸೋ ಲೆಕ್ಕಾಚಾರಕ್ಕೆ ಬರ್ತೀನಿ, ಈ ರಿವ್ಯೂ ಓದ್ತಿರೋ ಎಷ್ಟೋ ಜನಕ್ಕೆ ಬೇಕಾಗಿರೋದು ಇದೇ ಅನ್ಸತ್ತೆ. ಸೋಮವಾರ ಬೆಳಗ್ಗೆ ನಾನು ನಮ್ಮೂರಿನ ಒಂದು ಅನುದಾನಿತ ಹೈಸ್ಕೂಲಿನ ಹೆಡ್‌ಮಾಸ್ಟರ್ ಹತ್ರ ಹೋದೆ. ಮನೆಗೆ ಹತ್ರ ಇದ್ದಿದ್ದು ಬೇರೆ ಶಾಲೆ, ಆದ್ರೆ ಅಲ್ಲಿ ಸಂಸ್ಕೃತ ಇರ್ಲಿಲ್ಲ, ಇವನ ಫಸ್ಟ್ ಲ್ಯಾಂಗ್ವೇಜ್ ಸಂಸ್ಕೃತ. ಎಸ್ಸೆಸ್ಸೆಲ್ಸೀಲಿ ಫಸ್ಟ್ ಲ್ಯಾಂಗ್ವೇಜ್ ಒಂದೇ 125 ಮಾರ್ಕ್ಸಿಂದು, ಮಿಕ್ಕಿದ್ದೆಲ್ಲ ನೂರು, ಒಟ್ಟು 625. ಹತ್ತರಲ್ಲಿ ಶಾಲೆ ಬದಲಾಯಿಸಿದ್ರೂ ಭಾಷೆ, ಮೀಡಿಯಂ, ಸಿಲಬಸ್ ಈ ಮೂರನ್ನ ಮುಟ್ಟಬಾರ್ದು ಅಂತ ನಾವು ತೀರ್ಮಾನ ಮಾಡ್ಕೊಂಡಿದ್ವಿ, ಮಗೂಗೆ ಒಂದು ಸಲಕ್ಕೆ ಒಂದೇ ಹೊಸದು ಸಾಕು.

ಆ ಹೆಡ್‌ಮಾಸ್ಟರ್ ಬಗ್ಗೆ ಹೇಳ್ಬೇಕು. ಮಾರ್ಕ್ಸ್ ಕಾರ್ಡ್ ಮುಂದಿಟ್ರೆ ಪಕ್ಕಕ್ಕೆ ಸರಿಸಿದ್ರು. 'ಹುಡುಗ ಬರ್ತೀನಿ ಅಂತಾನಾ, ನೀವು ತರ್ತಿದೀರಾ?' ಅಂದ್ರು. ಅವನೇ ಕೇಳಿದ್ದು ಸರ್ ಅಂದೆ. ಆಮೇಲೆ ಕ್ಯಾಲೆಂಡರ್ ತೋರಿಸಿ, ಬೋರ್ಡಿಗೆ ನಮ್ಮ ಮಕ್ಕಳ ಹೆಸರು ಕಳಿಸೋದು ಇನ್ನೂ ಇದೆ, ಈ ತಿಂಗಳಲ್ಲಿ ಟಿಸಿ ತಂದ್ರೆ ನನ್ನ ಲಿಸ್ಟಲ್ಲೇ ಸೇರಿಸ್ತೀನಿ, ದಸರಾ ಆದ್ಮೇಲೆ ಬಂದ್ರೆ ನನ್ನ ಕೈಲಿ ಏನೂ ಇರಲ್ಲಮ್ಮ ಅಂದ್ರು. ಇನ್ನೊಂದು ವಿಷ್ಯ ಅವ್ರು ಹೇಳೋವರ್ಗೂ ನಮ್ಮ ತಲೇಗೇ ಹೊಳೆದಿರ್ಲಿಲ್ಲ, ಇಂಟರ್ನಲ್ಸು. ಒಂದೊಂದು ಸಬ್ಜೆಕ್ಟಿಗೆ 20, ಫಸ್ಟ್ ಲ್ಯಾಂಗ್ವೇಜಿಗೆ 25, ಅಂದ್ರೆ 625ರಲ್ಲಿ 125 ಮಾರ್ಕ್ಸ್ ಶಾಲೆಯವ್ರ ಕೈಲೇ ಇರತ್ತೆ. ವರ್ಷದ ಶುರುವಲ್ಲೇ ಬಂದ್ರೆ ಎಲ್ಲ ಎಫ್ಎ, ಅಂದ್ರೆ ವರ್ಷದ ಮಧ್ಯದ ಸಣ್ಣ ಟೆಸ್ಟು, ಇಲ್ಲೇ ಬರೀತಾನೆ, ಪ್ರಾಜೆಕ್ಟ್ ಇಲ್ಲೇ ಮಾಡ್ತಾನೆ, ಡಿಸೆಂಬರಲ್ಲಿ ಬಂದ್ರೆ ಅವನ್ನ ಯಾವ ಟೀಚರ್ ನೋಡಿರ್ತಾರೆ ಮಾರ್ಕ್ಸ್ ಹಾಕೋಕೆ? ಇದರ ಜೊತೆ ಶೇಕಡ 75 ಹಾಜರಾತಿ ಬೇರೆ ಇದ್ಯಲ್ಲ, ಟಿಸಿಗೆ ಅಂತ ತಿಂಗಳುಗಟ್ಲೆ ಮನೇಲಿ ಕೂರ್ಸೋ ಹಾಗೂ ಇಲ್ಲ.

ಟಿಸಿ. ಅಯ್ಯೋ. ಆ ಮೂರರಲ್ಲಿ ಒಂದು ಸ್ಟಾರ್ ಅವ್ರು ಕಳ್ಕೊಂಡಿದ್ದು ಇಲ್ಲೇ. ಇಡೀ ವರ್ಷದ ಫೀಸ್ ಕಟ್ಟಿ, ಆಮೇಲೆ ಟಿಸಿ ಅಂದ್ರು. ಜೂನಿಂದ ಜುಲೈವರೆಗೆ ಓದಿದ್ದಕ್ಕೆ ಇಡೀ ವರ್ಷದ್ದು! ಎಂಟನೇ ಕ್ಲಾಸಿನವರೆಗೆ ಆಗಿದ್ರೆ ಆರ್‌ಟಿಇ ಕಾಯ್ದೆ ಇದೆ, ಸೆಕ್ಷನ್ 5, ಬೇರೆ ಸರ್ಕಾರಿ ಇಲ್ಲಾ ಅನುದಾನಿತ ಶಾಲೆಗೆ ಹೋಗೋ ಮಗೂಗೆ ತಕ್ಷಣ ಟಿಸಿ ಕೊಡ್ಬೇಕು, ಟಿಸಿ ತಡ ಆಯ್ತು ಅಂತ ಹೊಸ ಶಾಲೆಯವ್ರು ಸೇರಿಸ್ಕೊಳ್ದೇ ಇರೋ ಹಾಗಿಲ್ಲ. ನಮ್ಮವನು ಹತ್ತು, ಆ ಮಾತು ನಡೀಲಿಲ್ಲ. ಕಾಗದದ ಟಿಸಿ ಕೊಟ್ರೂ ಸಾಲ್ದು, ಮಕ್ಕಳ ಹೆಸರಿರೋ ಸರ್ಕಾರದ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲೂ ಅವ್ರು ಮಗೂನ ಬಿಟ್ಟುಕೊಡ್ಬೇಕು, ಇಲ್ಲಾಂದ್ರೆ ಇಲ್ಲಿ ಹೆಸರು ಏರಲ್ಲ. ಎರಡು ಸಲ ಹೋದಾಗ ಸರ್ವರ್ ಇಲ್ಲ ಅಂದ್ರು, ಮೂರನೇ ಸಲ ಪ್ರಿನ್ಸಿಪಾಲ್ ಇಲ್ಲ. ಕೊನೆಗೆ ನಮ್ಮನೆಯವ್ರು ಆ ಕಡೆಯ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ ಬರವಣಿಗೇಲಿ ಕೊಟ್ಟು, ಸೀಲ್ ಹಾಕಿಸ್ಕೊಂಡ ಕಾಪಿಯನ್ನ ತಂದು ಇವ್ರ ಟೇಬಲ್ ಮೇಲಿಟ್ರು. 40,000ಕ್ಕೆ ಮಾತು ಮುಗೀತು. ಒಟ್ಟು ಒಂಬತ್ತು ದಿನ. ಏನೇ ಮಾಡಿ, ಬಾಯಿಮಾತಲ್ಲಿ ಕೇಳ್ಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಆ ಒಂಬತ್ತು ದಿನ ಮಗ ಮನೇಲಿದ್ದ. ಮೊದಲ ಮೂರು ದಿನ ಬರೀ ನಿದ್ದೆ.

ಹೊಸ ಶಾಲೆಗೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಯಾಕೆ ಅಂದ್ರೆ ಕ್ಲಾಸಲ್ಲಿ 58 ಮಕ್ಕಳು, ಟಾಯ್ಲೆಟ್ ಬಗ್ಗೆ ಮಾತಾಡ್ದೇ ಇರೋದು ವಾಸಿ, ಸೈನ್ಸ್ ಲ್ಯಾಬಿನ ಬೀಗದ ಕೈ ಯಾರ ಹತ್ರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಅಲ್ಲಿ ಫೌಂಡೇಶನ್ನೂ ಇಲ್ಲ ಗಿಂಡೇಶನ್ನೂ ಇಲ್ಲ. ಆದ್ರೆ ಸಂಸ್ಕೃತದ ಮೇಡಂ ಮೊದಲ ದಿನವೇ ಇವನನ್ನ ಎರಡನೇ ಬೆಂಚಲ್ಲಿ ಒಬ್ಬ ಮಾತುಗಾರ ಹುಡುಗನ ಪಕ್ಕ ಕೂರಿಸಿದ್ರಂತೆ, ಬೇಕಂತಲೇ. ಆ ಹುಡುಗ ಮೂರನೇ ದಿನ ನಮ್ಮನೆಗೆ ಸೈಕಲ್ಲಲ್ಲಿ ಬಂದು 'ಆಂಟಿ, ಇವ್ನು ಕ್ರಿಕೆಟ್ ಆಡ್ತಾನಾ?' ಅಂತ ಕೇಳ್ದ. ಸಂಜೆ ಹೆಚ್ಚುವರಿ ಕ್ಲಾಸ್ ತಗೊಳ್ತಿದ್ರು, ಆರೂವರೆಗೆ ಮನೆಗೆ ಬರ್ತಿದ್ದ. ಸುಲಭವಾಗಿ ಏನೂ ಆಗ್ಲಿಲ್ಲ, ಎಫ್ಎ 2ರಲ್ಲಿ ಮಾರ್ಕ್ಸ್ ಮೊದಲಿಗಿಂತ ಕಮ್ಮಿ ಬಂತು, ನಮ್ಮ ಭಾವ 'ನಾನು ಹೇಳಿರ್ಲಿಲ್ವಾ' ಅಂದ್ರು, ನವೆಂಬರಲ್ಲಿ ಒಂದು ವಾರ ಸ್ಕೂಲಿಗೇ ಹೋಗಲ್ಲ ಅಂತ ಹಠ. ಶಾಲೆ ಬದಲಾಯಿಸಿದ ತಕ್ಷಣ ಮಗು ಕುಣಿದಾಡತ್ತೆ ಅನ್ಕೊಂಡಿದ್ರೆ ಅದು ಆಗಲ್ಲ, ನಮಗೆ ಜನವರಿವರೆಗೂ ಟೈಮ್ ಹಿಡೀತು.

ಹಾಗಂತ ಎಲ್ಲರೂ ಬಿಡಿಸಿ ಅಂತ ನಾನು ಹೇಳಲ್ಲ. ಬೆಂಗಳೂರಲ್ಲಿ ನನ್ ತಂಗಿ ಮಗಳದ್ದು ಇದೇ ಟೈಮಲ್ಲಿ ಇದೇ ಗೋಳು, ಅವಳದ್ದು ಸಿಬಿಎಸ್‌ಇ. ಅಲ್ಲಿ ಒಂಬತ್ತರಲ್ಲೇ ಬೋರ್ಡ್ ರಿಜಿಸ್ಟ್ರೇಷನ್ ಆಗಿರತ್ತೆ, ಹತ್ತಕ್ಕೆ ಶಾಲೆ ಬದಲಾಯಿಸ್ಬೇಕು ಅಂದ್ರೆ ಕಾರಣ, ದಾಖಲೆ, ಬೋರ್ಡ್ ಒಪ್ಪಿಗೆ ಎಲ್ಲ ಬೇಕು, ನಮ್ಮ ಥರ ಸೋಮವಾರ ಹೋಗಿ ಕೇಳೋ ವಿಷ್ಯ ಅಲ್ಲ. ನಾನು ತಂಗಿಗೂ ಅದೇ ಸಣ್ಣ ಪ್ರಶ್ನೆ ಹೇಳಿಕೊಟ್ಟೆ. ಕೇಳಿ ನೋಡಿದ್ರೆ ಕ್ಲಾಸಲ್ಲಿ ಏನೂ ತೊಂದ್ರೆ ಇಲ್ಲ, ಸ್ಕೂಲ್ ಬಸ್ಸಲ್ಲಿ ಇಬ್ರು ಹುಡುಗೀರು ಕಾಟ ಕೊಡ್ತಿದ್ರು. ಬಸ್ ಬಿಡಿಸಿದ್ರು, ಅವರಪ್ಪ ದಿನಾ ಸ್ಕೂಟರಲ್ಲಿ ಬಿಟ್ಟು ಬಂದ್ರು, ಮುಗೀತು. ಅವ್ಳು ಅಲ್ಲೇ ಹತ್ತು ಮುಗಿಸಿ ಪಿಯುಗೆ ಬೇರೆ ಕಾಲೇಜು ಸೇರಿದ್ಲು, ನಮ್ಮ ರಾಜ್ಯದಲ್ಲಿ ಹತ್ತಾದ್ಮೇಲೆ ಹೇಗಿದ್ರೂ ಬಹಳಷ್ಟು ಮಕ್ಕಳು ಹೊಸ ಜಾಗಕ್ಕೆ ಹೋಗ್ತಾರಲ್ಲ, ಅಲ್ಲಿ ಯಾರೂ ಯಾಕೆ ಬಿಟ್ಟೆ ಅಂತ ಕೇಳಲ್ಲ. ನನ್ ಮಗನದ್ದು ಬಸ್ಸಿನ ಥರ ತೆಗೆದು ಪಕ್ಕಕ್ಕಿಡೋ ತೊಂದ್ರೆ ಆಗಿರ್ಲಿಲ್ಲ, ಆ ಶಾಲೆ ನಡೆಯೋ ರೀತೀನೇ ಅದು, ಮಾರ್ಚ್‌ವರೆಗೆ ಕಾದ್ರೂ ಪ್ರತಿ ಸೋಮವಾರ ಲಿಸ್ಟ್ ಹಾಕೋರು. ಇವನದ್ದೇ ಡಿಸೆಂಬರಲ್ಲಿ ಗೊತ್ತಾಗಿದ್ರೆ? ನಾನಾಗಿದ್ರೆ ಹೆಸರು ಅಲ್ಲೇ ಇಟ್ಟು ಹಾಸ್ಟೆಲ್ ಮಾತ್ರ ಬಿಡಿಸಿ ಹತ್ರದಲ್ಲೇ ಒಂದು ಬಾಡಿಗೆ ರೂಮ್ ಮಾಡಿ ಮೂರು ತಿಂಗಳು ನಾನೇ ಜೊತೇಲಿರ್ತಿದ್ದೆ. ಈಗ ಒಂದೇ ವರ್ಷದಲ್ಲಿ ಪರೀಕ್ಷೆ ಒಂದಕ್ಕಿಂತ ಹೆಚ್ಚು ಸಲ ಬರೀಬಹುದು, ಯಾವುದರಲ್ಲಿ ಜಾಸ್ತಿ ಬಂದಿದ್ಯೋ ಅದನ್ನೇ ಇಟ್ಕೋಬಹುದು, 2024ರಿಂದ ಹಂಗಿದೆ. ನಮ್ಮ ಕಾಲದ ಥರ ಮಾರ್ಚ್ ತಪ್ಪಿದ್ರೆ ಬಾಳೇ ಹೋಯ್ತು ಅಂತ ಇಲ್ಲ.

ಮಧ್ಯ ಇನ್ನೊಂದು ಮಾತು, ಹಳ್ಳಿ ಶಾಲೇಲಿ ಓದ್ತಿರೋ ಮಕ್ಕಳ ತಂದೆತಾಯಿಗೆ. ನಮ್ಮ ಸೊಸೈಟೀಲಿ ಕೆಲಸ ಮಾಡೋರೊಬ್ರು ಮಗಳನ್ನ ಒಂಬತ್ತಕ್ಕೆ ಹಳ್ಳಿಯಿಂದ ಟೌನಿಗೆ ತಂದ್ರು. ಸಿಇಟೀಲಿ ಗ್ರಾಮೀಣ ಕೋಟಾ ಸಿಗ್ಬೇಕಾದ್ರೆ ಒಂದರಿಂದ ಹತ್ತರವರೆಗೆ ಪೂರ್ತಿ ಗ್ರಾಮೀಣ ಪ್ರದೇಶದಲ್ಲೇ ಓದಿರ್ಬೇಕು, ಎರಡು ವರ್ಷಕ್ಕೋಸ್ಕರ ಎಂಟು ವರ್ಷದ್ದು ಹೋಯ್ತು. ಕನ್ನಡ ಮೀಡಿಯಂ ಕೋಟಾನೂ ಹಂಗೇ, ಒಂದರಿಂದ ಹತ್ತು. ಮಗು ನಿಜವಾಗ್ಲೂ ಕಷ್ಟದಲ್ಲಿದ್ರೆ ಕೋಟಾ ಮುಖ ನೋಡ್ಬೇಡಿ, ಆದ್ರೆ ಪಕ್ಕದ ಹಳ್ಳಿ ಶಾಲೆ ಒಂದ್ಸಲ ನೋಡಿ ಆಮೇಲೆ ಟೌನಿಗೆ ಬನ್ನಿ.

ಮಾರ್ಚ್ 2025ರಲ್ಲಿ ಪರೀಕ್ಷೆ ಬರೆದ. ಸೆಂಟರಲ್ಲಿ ರೂಮಿಗೊಂದು ಕ್ಯಾಮೆರಾ, ವೆಬ್‌ಕಾಸ್ಟಿಂಗು, ಹೊರಗೆ ನಿಂತಿದ್ದ ನಮಗೇ ಬೆವರು. 541 ಬಂತು, ಶೇಕಡ 86 ಚಿಲ್ರೆ. ಹಳೇ ಶಾಲೇಲಿದ್ದಿದ್ರೆ 600 ದಾಟ್ತಿದ್ದ ಅಂತ ಭಾವ ಇನ್ನೂ ಹೇಳ್ತಾರೆ, ದಾಟ್ತಿದ್ನೇನೋ. ಈಗ ಇಲ್ಲೇ ಪಿಯು, ಪಿಸಿಎಂಬಿ, ದಿನಾ ಸಂಜೆ ಕ್ರಿಕೆಟ್. ಊಟಕ್ಕೆ ಕೂತ್ರೆ ಮೊಬೈಲ್ ನೋಡ್ತಾ ಮುಕ್ಕಾಲು ಗಂಟೆ ಮಾಡ್ತಾನೆ, ಅನ್ನ ಆರೋಗತ್ತೆ, ಬೈದ್ರೂ ಏಳಲ್ಲ. ಟ್ರಂಕಲ್ಲಿ ನಮ್ಮತ್ತೆ ಹುರುಳಿಕಾಳು ತುಂಬಿಟ್ಟಿದಾರೆ.

ಇದನ್ನ ಅವನಿಗೆ ತೋರಿಸಿಯೇ ಹಾಕ್ತಿರೋದು, ಎರಡು ಸಾಲು ತೆಗೆಸ್ದ, ಏನು ಅಂತ ಹೇಳಲ್ಲ. ಮ್ಯಾತ್ಸ್ ಸರ್ ಬಗ್ಗೆ ಇನ್ನೂ ಬರಿ ಅಂದ.

ಕಾಷನ್ ಡೆಪಾಸಿಟ್ 10,000 ಇನ್ನೂ ಬಂದಿಲ್ಲ. ಅಕೌಂಟ್ ನಂಬರ್ ಮೂರು ಸಲ ಕಳಿಸಿದೀನಿ, ಕೊನೇ ಸಲ ಪಾಸ್‌ಬುಕ್ಕಿನ ಫೋಟೋ ಸಮೇತ. ಬಂದ್ರೆ ಅರ್ಧ ಸ್ಟಾರ್ ಏರಿಸ್ತೀನಿ.